ಬ್ರಸೆಲ್ಸ್ ಸ್ಪ್ರೌಟ್ಸ್ ಗರಿಗರಿಯಾಗಬೇಕೆ? ನೀರಿನ ಸಹವಾಸ ಬಿಡಿ

ಎಲೆಕೋಸಿನ ಪಲ್ಯ ಮಾಡಿ ಪಳಗಿದ ಕೈಗೆ ಕೆಲವು ಅಭ್ಯಾಸಗಳು ಅಂಟಿಕೊಂಡಿರುತ್ತವೆ. ಸಾಸಿವೆ ಸಿಡಿಯಿತೋ, ಹೆಚ್ಚಿದ ಕೋಸು ಬಾಣಲೆಗೆ ಬಿತ್ತು. ಹಿಂದೆಯೇ ಉಪ್ಪು ಬಿತ್ತು. ಅಂಗೈಯಲ್ಲಿ ನೀರು ಹಿಡಿದು ಚಿಮುಕಿಸಿ ಮುಚ್ಚಳ ಮುಚ್ಚಿದ್ದಾಯಿತು. ನಡುನಡುವೆ ಸೌಟು ಆಡಿಸಿದ್ದಾಯಿತು. ಪಲ್ಯಕ್ಕೆ ಅದೇ ಸರಿ. ಆದರೆ ಅದೇ ಕೋಸಿನ ದಾಯಾದಿ ಬ್ರಸೆಲ್ಸ್ ಸ್ಪ್ರೌಟ್ಸ್ ಗರಿಗರಿಯಾಗಬೇಕು ಅಂದರೆ ಇದಿಷ್ಟನ್ನೂ ಬಿಡಬೇಕು. ನೀರು ಬೇಡ, ಮುಚ್ಚಳ ಬೇಡ, ಪದೇಪದೇ ಕೈಯಾಡಿಸುವುದೂ ಬೇಡ. ಮುಂದೆ ಹೇಳುವ ಹಂತಗಳಲ್ಲಿ ಹೆಚ್ಚಿನವು ಈ ಮೂರು ಮಾತಿನ ವಿಸ್ತರಣೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡದ ಮನೆಗಳಿಗೆ ಈ ತರಕಾರಿಯ ಪರಿಚಯ ಇದ್ದೇ ಇರುತ್ತದೆ. ಅಕ್ಟೋಬರ್ ಬಂತೆಂದರೆ ಅಂಗಡಿಗಳ ತುಂಬ ಅದೇ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಯಾರಾದರೂ ಒಂದು ಟ್ರೇ ತಂದೇ ತರುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಬ್ರಾಕಲಿ, ಝುಕಿನಿಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ತಟ್ಟೆಯಲ್ಲಿ ಆಗಾಗ ಕಾಣಿಸುತ್ತದೆ. ನೀಲಗಿರಿಯ ತಂಪಿನಲ್ಲಿ ಇದನ್ನು ಬೆಳೆಯುತ್ತಾರೆ. ಬೆಲೆ ನೋಡಿದರೆ ಎಲೆಕೋಸೇ ವಾಸಿ ಅನ್ನಿಸೀತು. ಆ ಲೆಕ್ಕ ತಪ್ಪೂ ಅಲ್ಲ. ಆದರೆ ದುಡ್ಡು ಕೊಟ್ಟು ತಂದ ಮೇಲೆ ಕುಕ್ಕರಿಗೆ ಹಾಕಿ ಎರಡು ವಿಷಲ್ ಕೂಗಿಸಬೇಡಿ.

ಇದು ಎಲ್ಲಿಂದ ಬಂತು, ಯಾಕೆ ಕೆಟ್ಟ ಹೆಸರು ಪಡೆಯಿತು

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರಾಕಲಿ, ಕೇಲ್ ಎಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ, ಬ್ರಾಸಿಕಾ ಒಲರೇಸಿಯಾ. ರೈತರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆದದ್ದರಿಂದ ಒಂದರಲ್ಲಿ ತುದಿಯ ಮೊಗ್ಗು ಉಬ್ಬಿತು, ಒಂದರಲ್ಲಿ ಹೂಗೊಂಚಲು, ಇನ್ನೊಂದರಲ್ಲಿ ಕಾಂಡ. ಬ್ರಸೆಲ್ಸ್ ಸ್ಪ್ರೌಟ್ಸಿನಲ್ಲಿ ಉಬ್ಬಿದ್ದು ಎಲೆಯ ಕಂಕುಳಲ್ಲಿ ಏಳುವ ಮೊಗ್ಗು. ಗಿಡ ಸೊಂಟದೆತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ. ಬುಡದಿಂದ ತುದಿಯವರೆಗೆ ದಿಂಡಿನ ಸುತ್ತ ಈ ಪುಟ್ಟ ಕೋಸುಗಳು ಒತ್ತೊತ್ತಾಗಿ ಕಚ್ಚಿಕೊಂಡಿರುತ್ತವೆ. ಕೆಳಗಿನವು ಮೊದಲು ಬಲಿಯುತ್ತವೆ. ಅಮೆರಿಕದ ರೈತರ ಸಂತೆಗಳಲ್ಲಿ ದಿಂಡಿನ ಸಮೇತವೇ ಮಾರುತ್ತಾರೆ. ಸಿಕ್ಕಿದರೆ ಅದನ್ನೇ ಕೊಳ್ಳಿ, ಬಿಡಿಸಿಟ್ಟದ್ದಕ್ಕಿಂತ ಹೆಚ್ಚು ದಿನ ಬಾಡದೆ ಇರುತ್ತದೆ.

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಬೆಳೆದು ಹೆಸರಾದ ಬೆಳೆ ಇದು. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1812ರಲ್ಲಿ ವರ್ಜೀನಿಯಾದ ಮಾಂಟಿಚೆಲ್ಲೊ ತೋಟದಲ್ಲಿ ಇದನ್ನು ನೆಡಿಸಿದ್ದರು. ಈಗ ಆ ದೇಶದ ಬೆಳೆಯ ದೊಡ್ಡ ಪಾಲು ಬರುವುದು ಕ್ಯಾಲಿಫೋರ್ನಿಯಾದ ಕರಾವಳಿಯಿಂದ: ಸಾಂತಾ ಕ್ರೂಝ್, ಸಾನ್ ಮಟಿಯೊ, ಮಾಂಟರೇ ಕೌಂಟಿಗಳ ಮಂಜು ಮುಸುಕಿದ ತಂಪು ಹೊಲಗಳಿಂದ. ಚಳಿ ಈ ಗಿಡಕ್ಕೆ ಒಗ್ಗುತ್ತದೆ. ಹಿಮ ಬಿದ್ದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಸಕ್ಕರೆ ಕೂಡಿಸಿಕೊಳ್ಳುತ್ತದೆ. ಮೊದಲ ಹಿಮ ಕಂಡ ಫಸಲು ಸಿಹಿ ಎಂದು ಬೆಳೆಗಾರರು ಹೇಳುವುದು ಅದಕ್ಕೇ.

ಇಷ್ಟೆಲ್ಲ ಇದ್ದೂ ಪಶ್ಚಿಮದಲ್ಲಿ ತಲೆಮಾರುಗಳ ಮಕ್ಕಳು ಇದನ್ನು ಕಂಡು ಮುಖ ಕಿವುಚಿದವರೇ. ಇಂಗ್ಲೆಂಡಿನ ಕ್ರಿಸ್ಮಸ್ ಊಟದಲ್ಲಿ ಇದು ಕಡ್ಡಾಯ, ಗೊಣಗಾಟವೂ ಕಡ್ಡಾಯ. ಒಂದು ಕಾರಣ ಅಡುಗೆಯ ಕ್ರಮ. ನೀರಿನಲ್ಲಿ ಮುಳುಗಿಸಿ ಮೆತ್ತಗಾಗುವ ತನಕ ಕುದಿಸಿದರೆ ಗಂಧಕದ ಸಂಯುಕ್ತಗಳು ಬಿಡುಗಡೆಯಾಗಿ ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಕಾರಣ ಬೆಳೆಯಲ್ಲೇ ಇತ್ತು. 1990ರ ದಶಕದಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿ ಹಾನ್ಸ್ ವಾನ್ ಡೋರ್ನ್ ಇದರ ಕಹಿಗೆ ಮುಖ್ಯ ಕಾರಣ ಸಿನಿಗ್ರಿನ್ ಮತ್ತು ಪ್ರೊಗೊಯಿಟ್ರಿನ್ ಎಂಬ ಎರಡು ರಾಸಾಯನಿಕಗಳು ಎಂದು ಗುರುತಿಸಿದರು. ಬೀಜ ಕಂಪನಿಗಳು ಮೂಲೆಗೆ ಬಿದ್ದಿದ್ದ ಹಳೆಯ, ಕಡಿಮೆ ಕಹಿಯ ತಳಿಗಳನ್ನು ಹುಡುಕಿ ತೆಗೆದು ಹೆಚ್ಚು ಇಳುವರಿಯ ತಳಿಗಳ ಜತೆ ಸಂಕರ ಮಾಡಿದವು. ಇವತ್ತು ಕೊಳ್ಳುವ ಬ್ರಸೆಲ್ಸ್ ಸ್ಪ್ರೌಟ್ಸ್ ಅಜ್ಜಿಯರ ಕಾಲದ್ದಕ್ಕಿಂತ ನಿಜಕ್ಕೂ ಕಹಿ ಕಡಿಮೆ.

ಸಿನಿಗ್ರಿನ್ ನಮಗೇನೂ ಅಪರಿಚಿತವಲ್ಲ. ಹಸಿ ಸಾಸಿವೆ ಅರೆದಾಗ ಮೂಗಿಗೆ ಏರುವ ಘಾಟಿನ ಮೂಲವೂ ಅದೇ. ಬೀಜವನ್ನೋ ಎಲೆಯನ್ನೋ ಜಜ್ಜಿದಾಗ, ಕತ್ತರಿಸಿದಾಗ ಅಲ್ಲೇ ಬೇರೆ ಕೋಣೆಯಲ್ಲಿದ್ದ ಕಿಣ್ವ ಬಂದು ಸೇರಿ ಘಾಟು ಹುಟ್ಟುತ್ತದೆ. ಜೋರು ಶಾಖ ಆ ಕಿಣ್ವವನ್ನು ಬೇಗ ಸುಮ್ಮನಾಗಿಸುತ್ತದೆ. ಒಣ ಶಾಖಕ್ಕೆ ಇನ್ನೊಂದು ಉಪಕಾರವೂ ಉಂಟು: ತರಕಾರಿಯೊಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುವುದು ಅದರಲ್ಲೇ. ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿರುವ ತನಕ ಉಷ್ಣತೆ 100 ಡಿಗ್ರಿಯ ಹೊಸಿಲು ದಾಟುವುದಿಲ್ಲ. ಬ್ರಸೆಲ್ಸ್ ಸ್ಪ್ರೌಟ್ಸಿನ ತೂಕದಲ್ಲಿ ನೂರಕ್ಕೆ 86 ಪಾಲು ನೀರು. ಅರ್ಧ ಕೆಜಿ ತಂದರೆ ಅದರಲ್ಲಿ ಹತ್ತಿರ ಹತ್ತಿರ 430 ಗ್ರಾಂ ನೀರೇ. ಅದು ಸಾಲದೆಂದು ನಾವು ಬೇರೆ ಹೊರಗಿನಿಂದ ನೀರು ಸೇರಿಸಬೇಕೆ?

ಬೇಕಾಗುವುದು

ನಾಲ್ಕು ಜನರ ಊಟಕ್ಕೆ ಪಕ್ಕದ ತಿನಿಸಾಗಿ ಅರ್ಧ ಕೆಜಿ ಬ್ರಸೆಲ್ಸ್ ಸ್ಪ್ರೌಟ್ಸ್ ಸಾಕು. ಮಧ್ಯಮ ಗಾತ್ರದವಾದರೆ ಅಷ್ಟಕ್ಕೆ 25ರಿಂದ 30 ಬರುತ್ತವೆ. 2 ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು, ಆಗ ತಾನೇ ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ, ಅರ್ಧ ನಿಂಬೆಹಣ್ಣು. ಮಿಕ್ಕಿದ್ದೆಲ್ಲ ಇಷ್ಟ ಬಂದರೆ.

ಎಣ್ಣೆ ಯಾವುದು ಅನ್ನುವುದಕ್ಕೆ ನನ್ನ ಉತ್ತರ ಕಡಲೆಕಾಯಿ ಎಣ್ಣೆ. ಜೋರು ಶಾಖ ತಡೆಯುತ್ತದೆ, ರುಚಿಯೂ ಹೊಂದುತ್ತದೆ. ಆಲಿವ್ ಎಣ್ಣೆ ಬಳಸುವವರು ಧಾರಾಳವಾಗಿ ಬಳಸಲಿ. ತುಪ್ಪವೂ ನಡೆಯುತ್ತದೆ; ಬೆಣ್ಣೆ ಮಾತ್ರ ಬೇಡ, ಅದರಲ್ಲಿರುವ ಹಾಲಿನ ಅಂಶ ತರಕಾರಿ ಬೇಯುವ ಮೊದಲೇ ಸೀದು ಕಪ್ಪಾಗುತ್ತದೆ. ಗಾಣದ ತೆಂಗಿನೆಣ್ಣೆ ಈ ಶಾಖಕ್ಕೆ ಹೊಗೆಯಾಡುತ್ತದೆ. ಕರಾವಳಿಯವರು ಅದರ ಪರಿಮಳ ಬೇಕೇ ಬೇಕೆಂದರೆ ಕೊನೆಯಲ್ಲಿ ಒಂದು ಚಮಚ ಮೇಲೆ ಹನಿಸಿಕೊಳ್ಳಬಹುದು.

ಟ್ರೇ ಲೋಹದ್ದಾಗಿರಲಿ, ತುಸು ದಪ್ಪಗಿರಲಿ, ಅಂಚು ಗಿಡ್ಡಗಿರಲಿ. ಅಂಚು ಎತ್ತರವಿದ್ದರೆ ಹಬೆ ಒಳಗೇ ಸುತ್ತುತ್ತದೆ. ಗಾಜಿನ ಪಾತ್ರೆ ಈ ಕೆಲಸಕ್ಕೆ ಬೇಡ. ಖಾಲಿ ಗಾಜನ್ನು ಕಾಯಿಸಿ ಅದರ ಮೇಲೆ ತಣ್ಣನೆಯ ತರಕಾರಿ ಸುರಿದರೆ ಒಡೆದು ಚೂರಾಗುವ ಅಪಾಯವಿದೆ.

ಹಂತ 1: ಆರಿಸಿಕೊಳ್ಳಿ

ಹಿಡಿದು ಒತ್ತಿ ನೋಡಿ. ಗೋಲಿಯ ಹಾಗೆ ಗಟ್ಟಿಯಾಗಿರಬೇಕು, ಕೈಗೆ ಭಾರ ಅನ್ನಿಸಬೇಕು. ಒತ್ತಿದರೆ ಒಳಗೆ ಪೊಳ್ಳು ಸಿಕ್ಕಿದರೆ ಬಿಡಿ. ಹೊರಗಿನ ಒಂದೆರಡು ಎಲೆ ಹಳದಿಯಾಗಿದ್ದರೆ ಪರವಾಗಿಲ್ಲ. ಬುಡ ಕಪ್ಪಾಗಿ ಅಂಟಂಟಾಗಿದ್ದರೆ ಹಳೆಯದು. ಎಲ್ಲ ಒಂದೇ ಗಾತ್ರದವಾದರೆ ಒಟ್ಟಿಗೆ ಬೇಯುತ್ತವೆ. ಚಿಕ್ಕವು ಸಿಹಿ, ದೊಡ್ಡವಕ್ಕೆ ಕೋಸಿನ ಘಾಟು ಹೆಚ್ಚು.

ಫ್ರೋಝನ್ ಪೊಟ್ಟಣದಿಂದ ಗರಿಗರಿಯ ಆಸೆ ಇಟ್ಟುಕೊಳ್ಳಬೇಡಿ. ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಜೀವಕೋಶದ ಗೋಡೆ ಹರಿದಿರುತ್ತವೆ, ಕರಗುತ್ತಲೇ ನೀರು ಬಿಡುತ್ತವೆ. ಅವು ಸೂಪಿಗೆ, ಕೂಟಿಗೆ ಒಳ್ಳೆಯವು.

ಹಂತ 2: ತೊಳೆಯಿರಿ, ಅದಕ್ಕಿಂತ ಮುಖ್ಯವಾಗಿ ಒಣಗಿಸಿ

ಹೆಚ್ಚುವ ಮೊದಲೇ, ಇಡಿಯಾಗಿರುವಾಗಲೇ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ಎಲೆಗಳ ಪದರದ ನಡುವೆ ನೀರು ಸೇರಿಕೊಂಡು ಹೊರಬರುವುದೇ ಇಲ್ಲ. ಕೋಸಿನ ಜಾತಿಗೆ ಗಿಡಹೇನಿನ ಕಾಟ ಸಾಮಾನ್ಯ. ಅನುಮಾನವಿದ್ದರೆ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಆಮೇಲೆ ಹರಿಯುವ ನಲ್ಲಿಯ ಕೆಳಗೆ ತೊಳೆಯಿರಿ.

ಜರಡಿಯಲ್ಲಿ ಸೋಸಿ, ದಪ್ಪ ಹತ್ತಿಯ ಬಟ್ಟೆಯ ಮೇಲೆ ಹರಡಿ, ಬಟ್ಟೆಯ ಇನ್ನೊಂದು ತುದಿ ಮಡಚಿ ಮೇಲಿಂದ ಹಗುರಾಗಿ ಉರುಳಿಸಿ. ಆಮೇಲೆ ಫ್ಯಾನಿನ ಕೆಳಗೆ ಕಾಲು ಗಂಟೆ ಬಿಡಿ. ಪುರಸೊತ್ತಿದ್ದರೆ ಬೆಳಿಗ್ಗೆಯೇ ತೊಳೆದು ಒರೆಸಿ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟರೆ ಸಂಜೆಗೆ ಮೈ ಪೂರ್ತಿ ಒಣಗಿರುತ್ತದೆ. ಸಂಡಿಗೆ, ಹಪ್ಪಳ ಒಣಗಿಸಿ ಗೊತ್ತಿರುವವರಿಗೆ ಒಣಗುವುದೆಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬೆರಳಿಗೆ ತೇವ ತಾಕಬಾರದು, ಅಷ್ಟೆ.

ಹಂತ 3: ಓವನ್ ಜತೆ ಟ್ರೇಯನ್ನೂ ಕಾಯಿಸಿ

ಓವನ್ನನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. ಅಮೆರಿಕದ ಓವನ್ನಿನಲ್ಲಿ 425 ಡಿಗ್ರಿ ಫ್ಯಾರನ್‌ಹೀಟ್. ಒಳಗೆ ಫ್ಯಾನ್ ತಿರುಗುವ ಓವನ್ನಾದರೆ 200 ಡಿಗ್ರಿ ಸೆಲ್ಸಿಯಸ್ ಸಾಕು. ಖಾಲಿ ಟ್ರೇಯನ್ನು ಆಗಲೇ ಒಳಗಿಟ್ಟುಬಿಡಿ. ದೋಸೆ ಹುಯ್ಯುವ ಮೊದಲು ಕಾವಲಿ ಕಾದಿದೆಯೋ ಇಲ್ಲವೋ ನೋಡುತ್ತೇವಲ್ಲ, ಇಲ್ಲಿಯೂ ನ್ಯಾಯ ಅದೇ. ತಣ್ಣನೆಯ ಟ್ರೇಯ ಮೇಲೆ ಇಟ್ಟರೆ ಲೋಹ ಬಿಸಿಯಾಗುವ ಹೊತ್ತಿಗೆ ತರಕಾರಿ ನೀರು ಬಿಟ್ಟು ಬೆವತುಕೊಂಡಿರುತ್ತದೆ.

ನಮ್ಮ ಕಡೆಯ ಓಟಿಜಿ ಎಂಬ ಪುಟ್ಟ ವಿದ್ಯುತ್ ಓವನ್ನುಗಳಲ್ಲಿ ಮೇಲಿನ, ಕೆಳಗಿನ ಎರಡೂ ಕಾಯಿಲ್ ಆನ್ ಮಾಡಿ. ದೀಪ ಆರಿತೆಂದು ಕೂಡಲೇ ತರಕಾರಿ ತಳ್ಳಬೇಡಿ, ಇನ್ನೂ ಹತ್ತು ನಿಮಿಷ ಕಾಯಲಿ. ಗುಂಡಿಯ ಮೇಲೆ 220 ಎಂದಿರುತ್ತದೆ, ಒಳಗೆ ಇನ್ನೇನೋ ಇರುತ್ತದೆ. ಓವನ್ನಿನೊಳಗೆ ನೇತುಹಾಕುವ ಥರ್ಮಾಮೀಟರ್ ಒಂದು ಕೊಂಡರೆ ಬ್ರೆಡ್ಡು, ಕೇಕಿಗೂ ಆಗುತ್ತದೆ. ಮೈಕ್ರೋವೇವಿನಲ್ಲಿ ಕನ್ವೆಕ್ಷನ್ ಇದ್ದರೆ ಅದನ್ನೇ ಬಳಸಿ. ಬರೀ ಮೈಕ್ರೋವೇವ್ ತರಂಗದಿಂದ ಈ ತಿನಿಸು ಎಂದೂ ಆಗದು.

ಹಂತ 4: ಹೆಚ್ಚಿ

ಬುಡದ ಒಣಗಿದ ತುದಿಯನ್ನು ತೆಳುವಾಗಿ ಮಾತ್ರ ಕೊಯ್ಯಿರಿ. ಉತ್ಸಾಹದಲ್ಲಿ ಜಾಸ್ತಿ ತೆಗೆದರೆ ಎಲೆಗಳನ್ನು ಹಿಡಿದಿಟ್ಟ ದಿಂಡೇ ಹೋಗಿ ಎಲ್ಲ ಕಳಚಿ ಬೀಳುತ್ತವೆ. ಹಳದಿ ಎಲೆ, ತೂತು ಬಿದ್ದ ಎಲೆ ತೆಗೆದುಹಾಕಿ. ಈಗ ಬುಡದಿಂದ ತುದಿಗೆ, ದಿಂಡು ಎರಡು ಹೋಳಾಗುವಂತೆ ನೇರ ಸೀಳಿ. ಅಡ್ಡ ಕೊಯ್ದರೆ ಕೆಟ್ಟಿತು.

ಹೋಳನ್ನು ಒಮ್ಮೆ ಕಣ್ಣಿನ ಹತ್ತಿರ ಹಿಡಿದು ನೋಡಿ. ಹೊರಗೆ ಕಡು ಹಸಿರು, ಒಳಗೆ ಹೋಗುತ್ತ ಹೋಗುತ್ತ ತಿಳಿ ಹಳದಿ. ನಡುವೆ ಬಿಳಿಯ ದಿಂಡು, ಅದರಿಂದ ಎರಡೂ ಬದಿಗೆ ಕವಲೊಡೆದು ಒಂದರ ಮೇಲೊಂದು ಮಡಚಿಕೊಂಡ ಎಲೆಗಳು, ಸುಕ್ಕು ಸುಕ್ಕಾಗಿ. ಈ ಚಪ್ಪಟೆ ಮುಖವೇ ಕಾದ ಲೋಹಕ್ಕೆ ಅಂಟಿ ಕೂರಬೇಕಾದದ್ದು. ಇಡಿಯಾಗಿ ಬಿಟ್ಟರೆ ದುಂಡು ಮೈಯಿಂದ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಟ್ರೇಗೆ ತಾಗುತ್ತದೆ. ಹೊರಗೆ ಸೀದು ಒಳಗೆ ಹಸಿ ಉಳಿಯುವುದು ಹಾಗೆ. ನಿಂಬೆ ಗಾತ್ರದವು ಸಿಕ್ಕಿದ್ದರೆ ನಾಲ್ಕು ಹೋಳು ಮಾಡಿ, ಒಂದಾದರೂ ಚಪ್ಪಟೆ ಮುಖ ಕೆಳಗೆ ಕೂರುತ್ತದೆ.

ಹೆಚ್ಚುವಾಗ ಕಳಚಿಬಿದ್ದ ಬಿಡಿ ಎಲೆಗಳನ್ನು ಎಸೆಯಬೇಡಿ, ಬೇರೆ ಬಟ್ಟಲಿನಲ್ಲಿಡಿ. ಇಡೀ ಟ್ರೇಯಲ್ಲಿ ಮೊದಲು ಖಾಲಿಯಾಗುವುದು ಅವೇ.

ಹಂತ 5: ಎಣ್ಣೆ, ಉಪ್ಪು

ಅಗಲದ ಪಾತ್ರೆಯಲ್ಲಿ ಹೋಳುಗಳಿಗೆ ಎಣ್ಣೆ ಹಾಕಿ ಕೈಯಿಂದಲೇ ಹಚ್ಚಿ. ಪ್ರತಿ ಹೋಳಿನ ಚಪ್ಪಟೆ ಮುಖಕ್ಕೂ ಎಣ್ಣೆ ಸೋಕಿ ಹೊಳೆಯಬೇಕು, ಆದರೆ ಪಾತ್ರೆಯ ತಳದಲ್ಲಿ ನಿಲ್ಲಬಾರದು. ಎಣ್ಣೆಗೆ ಕೈ ಬಿಗಿ ಮಾಡಿದರೆ ಇಲ್ಲಿ ನಷ್ಟ: ಟ್ರೇಯ ಶಾಖವನ್ನು ಎಲೆಯ ಸುಕ್ಕು ಸುಕ್ಕಿಗೂ ಮುಟ್ಟಿಸುವುದು ಎಣ್ಣೆಯೇ.

ಉಪ್ಪನ್ನು ಒಳಗಿಡುವ ಮುಂಚಿನ ಗಳಿಗೆಯಲ್ಲಿ ಹಾಕಿ. ಮೊದಲೇ ಹಚ್ಚಿಟ್ಟು ಫೋನಿನಲ್ಲಿ ಮಾತಿಗೆ ಕೂತರೆ ಉಪ್ಪು ನೀರೆಳೆದು ಹೋಳೆಲ್ಲ ಒದ್ದೆ. ಕಾಳುಮೆಣಸು ಈಗ ಹಾಕಬಹುದು. ಬೆಳ್ಳುಳ್ಳಿ, ಅಚ್ಚಖಾರದಪುಡಿ, ಸಾರಿನಪುಡಿ, ಜೇನು, ವಿನೆಗರ್ ಯಾವುದನ್ನೂ ಈಗ ಹಾಕಬೇಡಿ. ಈ ಶಾಖಕ್ಕೆ ಕೊಚ್ಚಿದ ಬೆಳ್ಳುಳ್ಳಿ ಹತ್ತು ನಿಮಿಷದಲ್ಲಿ ಕರಕಲು, ಕಹಿ.

ಹಂತ 6: ಬಿಡಿಬಿಡಿಯಾಗಿ ಕೂರಿಸಿ

ದಪ್ಪ ಬಟ್ಟೆಯೋ ಗ್ಲೌಸೋ ಹಿಡಿದು ಕಾದ ಟ್ರೇ ಹೊರಗೆ ತೆಗೆಯಿರಿ. ಹೋಳುಗಳನ್ನು ಸುರಿದು ಇಕ್ಕಳದಿಂದ ಒಂದೊಂದನ್ನೂ ಮಗುಚಿ ಚಪ್ಪಟೆ ಮುಖ ಕೆಳಗೆ ಮಾಡಿ. ತಾಗಿದ ಕೂಡಲೇ ಚುಂಯ್ ಅನ್ನಬೇಕು. ಅನ್ನಲಿಲ್ಲವೋ, ಟ್ರೇ ಕಾದಿಲ್ಲ. ಹೊಸಬರಿಗೆ ಈ ಕೆಲಸ ಗಡಿಬಿಡಿ ಅನ್ನಿಸಿದರೆ, ಓವನ್ ಬಾಗಿಲು ಮುಚ್ಚಿ, ಟ್ರೇಯನ್ನು ಒಲೆಯ ಮೇಲಿಟ್ಟುಕೊಂಡು ನಿಧಾನವಾಗಿ ಮಾಡಿ. ಬಾಗಿಲು ತೆರೆದಿಟ್ಟು ಒಳಗೇ ಜೋಡಿಸಲು ಹೋದರೆ ಶಾಖವೆಲ್ಲ ಅಡುಗೆಮನೆಗೆ ಹೋಗುತ್ತದೆ, ಕೈ ಸುಡುವುದು ಬೇರೆ.

ಒಂದು ಹೋಳಿಗೂ ಇನ್ನೊಂದಕ್ಕೂ ನಡುವೆ ಬೆರಳಗಲ ಜಾಗ ಬಿಡಿ. ಬೇರೆ ಎಲ್ಲವನ್ನೂ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲೇ. ಒತ್ತೊತ್ತಾಗಿ ತುಂಬಿದರೆ ಒಂದರಿಂದ ಬಿಟ್ಟ ಹಬೆ ಪಕ್ಕದ್ದನ್ನು ಬೇಯಿಸುತ್ತದೆ. ಆಗ ಓವನ್ನಿನಲ್ಲಿ ನಡೆಯುವುದು ಹುರಿಯುವುದಲ್ಲ, ಇಡ್ಲಿ ಪಾತ್ರೆಯ ಕೆಲಸ. ಅಮೆರಿಕದ ದೊಡ್ಡ ಓವನ್ನಿನ 33 ಸೆಂಟಿಮೀಟರ್ ಅಗಲ, 46 ಸೆಂಟಿಮೀಟರ್ ಉದ್ದದ ಟ್ರೇಯಲ್ಲಿ ಅರ್ಧ ಕೆಜಿ ಆರಾಮಾಗಿ ಹಿಡಿಯುತ್ತದೆ. ಮನೆಯ ಓಟಿಜಿಯ ಟ್ರೇಯಲ್ಲಿ ಹಿಡಿಯುವುದಿಲ್ಲ, ಎರಡು ಸಲ ಮಾಡಬೇಕು. ಎರಡು ಸಲ ಯಾರು ಮಾಡುತ್ತಾರೆ ಅನ್ನುವವರು ಕಾಲು ಕೆಜಿ ಮಾತ್ರ ಮಾಡಿ. ಮೆತ್ತಗಿನ ಅರ್ಧ ಕೆಜಿಗಿಂತ ಗರಿಗರಿ ಕಾಲು ಕೆಜಿ ಮೇಲು.

ಟ್ರೇಗೆ ಬೇಕಿಂಗ್ ಕಾಗದ ಹಾಸಿದರೆ ತೊಳೆಯುವ ಕಷ್ಟ ತಪ್ಪುತ್ತದೆ, ಬಣ್ಣ ಒಂದು ಕೂದಲೆಳೆ ಕಡಿಮೆ ಬರುತ್ತದೆ. ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಕಾಗದದ ಪೊಟ್ಟಣದ ಮೇಲೆ ನೋಡಿಕೊಳ್ಳಿ.

ಹಂತ 7: ಮುಟ್ಟಬೇಡಿ

ಟ್ರೇ ಒಳಗೆ ಹೋಯಿತು. ಅಲಾರಾಂ 15 ನಿಮಿಷಕ್ಕೆ ಇಡಿ. ಅಲ್ಲಿಯ ತನಕ ಬಾಗಿಲು ತೆರೆಯುವುದು, ಅಲ್ಲಾಡಿಸುವುದು ಏನೂ ಇಲ್ಲ. ಸೌಟು ಹಿಡಿದು ಬೆಳೆದವರಿಗೆ ಈ 15 ನಿಮಿಷ ಕೈ ಕಟ್ಟಿ ಕೂರುವುದೇ ಕಷ್ಟ. ಅಷ್ಟರಲ್ಲಿ ಒಗ್ಗರಣೆಯ ಸಾಮಾನು ತೆಗೆದಿಟ್ಟುಕೊಳ್ಳಿ, ನಿಂಬೆ ಕೊಯ್ದಿಟ್ಟುಕೊಳ್ಳಿ.

15 ನಿಮಿಷಕ್ಕೆ ಬಾಗಿಲು ತೆಗೆದಾಗ ಮುಖಕ್ಕೆ ಬಿಸಿ ಹಬೆ ಹೊಡೆಯುತ್ತದೆ, ಒಂದು ಹೆಜ್ಜೆ ಹಿಂದೆ ನಿಲ್ಲಿ. ಇಕ್ಕಳದಿಂದ ಒಂದು ಹೋಳು ಎತ್ತಿ ಅಡಿ ನೋಡಿ. ತಿಳಿ ಹಳದಿ ಮುಖ ಈಗ ಬೆಲ್ಲದ ಬಣ್ಣಕ್ಕೆ ತಿರುಗಿ, ಪ್ರತಿ ಎಲೆಯ ಅಂಚು ಕಪ್ಪು ಗೆರೆ ಎಳೆದಂತೆ ಕಾಣಬೇಕು. ಹಳದಿಯೇ ಉಳಿದಿದ್ದರೆ ಮತ್ತೆ ಇಟ್ಟು ಮೂರು ನಾಲ್ಕು ನಿಮಿಷ ಬಿಡಿ. ಬಣ್ಣ ಬಂದಿದ್ದರೆ ಒಮ್ಮೆ ಮಾತ್ರ ಮಗುಚಿ. ಎತ್ತಿಟ್ಟ ಬಿಡಿ ಎಲೆಗಳಿಗೆ ನಾಲ್ಕು ಹನಿ ಎಣ್ಣೆ, ಚಿಟಿಕೆ ಉಪ್ಪು ಸವರಿ ಈಗ ಟ್ರೇಯ ಖಾಲಿ ಜಾಗಕ್ಕೆ ಉದುರಿಸಿ. ಇನ್ನು 5ರಿಂದ 8 ನಿಮಿಷ. ಒಟ್ಟು 20ರಿಂದ 25 ನಿಮಿಷದೊಳಗೆ ಮುಗಿಯುತ್ತದೆ. ದಿಂಡಿಗೆ ಚಾಕುವಿನ ಮೊನೆ ಚುಚ್ಚಿದರೆ ತುಸು ತಡೆದು ಒಳಗೆ ಇಳಿಯಬೇಕು. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಹದ ಮೀರಿದೆ.

ಹೊರಗಿನ ಎಲೆಗಳ ತುದಿ ಕಪ್ಪಾದದ್ದನ್ನು ಕಂಡು ಗಾಬರಿಯಾಗಬೇಡಿ. ಅಷ್ಟು ಕಪ್ಪು ಬೇಕು. ಚಪ್ಪಟೆ ಮುಖ ಪೂರ್ತಿ ಇದ್ದಿಲಾದರೆ ಮಾತ್ರ ತಪ್ಪು.

ಹಂತ 8: ರುಚಿ ಕೊಡುವುದು

ಟ್ರೇ ಹೊರಬಂದ ಕೂಡಲೇ, ಇನ್ನೂ ಚಟಗುಟ್ಟುತ್ತಿರುವಾಗಲೇ ನಿಂಬೆ ಹಿಂಡಿ. ಹುಳಿ ಬಿದ್ದರೆ ಉಳಿದ ಕಹಿ ಹಿಂದೆ ಸರಿಯುತ್ತದೆ. ಹೆಚ್ಚೇನೂ ಬೇಡ ಅನ್ನುವವರಿಗೆ ಇಷ್ಟೇ ಸಾಕು. ಮೊದಲ ಸಲ ಮಾಡುವವರು ಇಷ್ಟಕ್ಕೇ ನಿಲ್ಲಿಸಿ ತರಕಾರಿಯ ಸ್ವಂತ ರುಚಿ ನೋಡುವುದು ಒಳ್ಳೆಯದು.

ಅಮೆರಿಕದಲ್ಲಿ ಬಾಲ್ಸಮಿಕ್ ವಿನೆಗರ್ ಮತ್ತು ಜೇನು ಬೆರೆಸಿ ಮೇಲೆ ಸುರಿಯುವುದು ರೂಢಿ. ಒಂದು ದೊಡ್ಡ ಚಮಚ ವಿನೆಗರ್‌ಗೆ ಒಂದು ಟೀ ಚಮಚ ಜೇನು ಸರಿಹೋಗುತ್ತದೆ. ಬಡಿಸುವ ಮುಂಚೆ ಹಾಕಿ, ಮೊದಲೇ ಹಾಕಿಟ್ಟರೆ ಗರಿ ಇಳಿಯುತ್ತದೆ. ಪಾರ್ಮೆಸಾನ್ ಚೀಸ್ ತುರಿದು ಉದುರಿಸುವವರೂ ಇದ್ದಾರೆ. ಸಸ್ಯಾಹಾರಿಗಳು ಒಂದು ತಿಳಿದಿರಬೇಕು: ಇಟಲಿಯ ಅಸಲಿ ಪಾರ್ಮೆಸಾನ್ (ಪಾರ್ಮಿಜಾನೊ) ಮಾಡುವಾಗ ಹಾಲು ಒಡೆಯಲು ಬಳಸುವುದು ಕರುವಿನ ಜಠರದಿಂದ ತೆಗೆದ ರೆನೆಟ್. ಬೇರೆಯವರ ಮನೆಯ ಊಟದಲ್ಲಿ ಈ ತಿನಿಸು ಕಂಡರೆ ಹಂದಿಯ ಬೇಕನ್ ಇದೆಯೇ ಎಂದು ಕೇಳಿಕೊಳ್ಳುವುದೂ ವಾಸಿ. ಅಲ್ಲಿ ಅದು ಸರ್ವೇಸಾಮಾನ್ಯ.

ಹೋಟೆಲುಗಳ ಮೆನುವಿನಲ್ಲಿ ಈ ತರಕಾರಿ ತಲೆಯೆತ್ತಿದ್ದರಲ್ಲಿ ನ್ಯೂಯಾರ್ಕಿನ ಬಾಣಸಿಗ ಡೇವಿಡ್ ಚಾಂಗ್ ಪಾಲೂ ಇದೆ. ಅವರ ಮೊಮೊಫುಕು ಹೋಟೆಲಿನ ಪ್ರಕಾರದಲ್ಲಿ ಕಂದಾಗಿ ಹುರಿದ ಬ್ರಸೆಲ್ಸ್ ಸ್ಪ್ರೌಟ್ಸಿಗೆ ಮೀನಿನ ಸಾಸಿನ ಹುಳಿ ಸಿಹಿ ರಸ, ಪುದೀನ, ಕೊತ್ತಂಬರಿ, ಅದರ ಮೇಲೆ ಖಾರ ಹಚ್ಚಿದ ಅಕ್ಕಿಯ ಪುರಿ. ಆ ಪುರಿಯ ಸಂಗತಿ ಓದಿದ ದಾವಣಗೆರೆಯವರು ಸುಮ್ಮನಿರಲಾರರು. ಮೀನಿನ ಸಾಸ್ ಬಿಟ್ಟು, ನಿಂಬೆರಸಕ್ಕೆ ಚಿಟಿಕೆ ಬೆಲ್ಲ, ಹಸಿಮೆಣಸಿನಕಾಯಿಯ ಚೂರು, ಕೊತ್ತಂಬರಿ ಸೇರಿಸಿ ಹನಿಸಿ, ಮೇಲೆ ಒಂದು ಹಿಡಿ ಖಾರಾ ಮಂಡಕ್ಕಿ ಉದುರಿಸಿದರೆ ಬಲು ರುಚಿ. ಮಂಡಕ್ಕಿ ಬಟ್ಟಲಿಗೆ ಬಿದ್ದ ಮೇಲೆ ತಡ ಮಾಡದೆ ತಿನ್ನಿ.

ಇನ್ನೂ ಸುಲಭದ್ದು ಬೇಕೆ? ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿ ಎರಡು ಚಮಚ. ಬೆಳ್ಳುಳ್ಳಿ, ಖಾರ, ಉಪ್ಪು ಎಲ್ಲ ಅದರಲ್ಲೇ ಇದೆ, ಎಣ್ಣೆ ಹಚ್ಚಿದ ಬಿಸಿ ಹೋಳಿಗೆ ಚೆನ್ನಾಗಿ ಅಂಟುತ್ತದೆ. ಆಗ ಹಂತ 5ರಲ್ಲಿ ಉಪ್ಪು ಅರ್ಧಕ್ಕೆ ಇಳಿಸಿ. ಒಗ್ಗರಣೆ ಇಲ್ಲದೆ ಸಮಾಧಾನವಾಗದವರು ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು ಸಿಡಿಸಿ ಮೇಲೆ ಹಾಕಿ. ತೆಂಗಿನ ತುರಿ ಹಾಕಬೇಡಿ, ಅದರ ತೇವಕ್ಕೆ ಗರಿ ಸತ್ತೇಹೋಗುತ್ತದೆ. ಗರಂ ಮಸಾಲೆಯೂ ಈ ತರಕಾರಿಗೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಲವಂಗ, ಚಕ್ಕೆ ಬಂದರೆ ಹುರಿದ ಪರಿಮಳ ಮುಚ್ಚಿಹೋಗುತ್ತದೆ.

ಬಡಿಸುವಾಗ ಅಗಲದ ತಟ್ಟೆಯಲ್ಲಿ ಹರಡಿ ಬಡಿಸಿ. ಬಟ್ಟಲಲ್ಲಿ ರಾಶಿ ಹಾಕಿ ಮುಚ್ಚಿಟ್ಟರೆ ಓವನ್ನಿನಲ್ಲಿ ತಪ್ಪಿಸಿದ ಹಬೆ ಊಟದ ಮೇಜಿನ ಮೇಲೆ ಹಿಡಿದುಕೊಳ್ಳುತ್ತದೆ. ಅನ್ನ, ತಿಳಿಸಾರಿನ ಜತೆ ನೆಂಚಿಕೊಳ್ಳಲು ಇದು ಚೆನ್ನ.

ಓವನ್ ಇಲ್ಲದಿದ್ದರೆ

ದಪ್ಪ ತಳದ ಕಬ್ಬಿಣದ ಬಾಣಲೆಯೋ ದೋಸೆ ಕಾವಲಿಯೋ ಸಾಕು. ಮಧ್ಯಮಕ್ಕಿಂತ ತುಸು ಜೋರು ಉರಿ, ಎರಡು ಚಮಚ ಎಣ್ಣೆ, ಚಪ್ಪಟೆ ಮುಖ ಕೆಳಗೆ, 6ರಿಂದ 8 ನಿಮಿಷ ಅಲ್ಲಾಡಿಸದೆ. ಮಗುಚಿ ಉರಿ ತಗ್ಗಿಸಿ ಇನ್ನು 5 ನಿಮಿಷ. ಈ ದಾರಿಗೆ ಚಿಕ್ಕ ಕೋಸುಗಳೇ ಬೇಕು, ದೊಡ್ಡವಾದರೆ ದಿಂಡು ಬೇಯುವುದಿಲ್ಲ. ಏರ್ ಫ್ರೈಯರ್ ಇದ್ದವರಿಗೆ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ. ಬುಟ್ಟಿಯಲ್ಲಿ ಒಂದೇ ಪದರ ಇರಲಿ, ನಡುವೆ ಒಮ್ಮೆ ಕುಲುಕಿ.

ಕೆಟ್ಟರೆ ಎಲ್ಲಿ ಕೆಟ್ಟಿತು

ಮೆತ್ತಗೆ, ಬಣ್ಣವಿಲ್ಲದೆ ಬಂದರೆ ಒದ್ದೆ ಇತ್ತು, ಇಲ್ಲವೇ ಟ್ರೇ ತುಂಬಿತ್ತು. ಹೊರಗೆ ಕಪ್ಪು, ಒಳಗೆ ಹಸಿಯಾದರೆ ಹೋಳು ದೊಡ್ಡದಾಯಿತು ಅಥವಾ ಮೇಲಿನ ಕಾಯಿಲ್‌ಗೆ ಬಹಳ ಹತ್ತಿರ ಇಟ್ಟಿರಿ. ಮುಂದಿನ ಸಲ ನಡುವಿನ ಅಂಕಣದಲ್ಲಿಡಿ. ಹೋಳು ಟ್ರೇಗೆ ಕಚ್ಚಿಕೊಂಡು ಏಳದಿದ್ದರೆ ಎಣ್ಣೆ ಸಾಲಲಿಲ್ಲ, ಇಲ್ಲವೇ ಬಣ್ಣ ಬರುವ ಮುಂಚೆ ಎಬ್ಬಿಸಲು ಹೊರಟಿರಿ. ಹದವಾಗಿ ಹುರಿದ ಮೇಲೆ ಅದಾಗಿ ಬಿಟ್ಟುಕೊಳ್ಳುತ್ತದೆ. ಎಲ್ಲ ಸರಿಯಿದ್ದೂ ಮನೆಯಲ್ಲಿ ಒಬ್ಬರಿಗೆ ಮಾತ್ರ ಕಹಿ ಎಂದರೆ ಅವರ ಮೇಲೆ ಸಿಟ್ಟು ಮಾಡಬೇಡಿ. ಇಂಥ ಕಹಿಯನ್ನು ನಾಲಿಗೆ ಎಷ್ಟು ಗುರುತಿಸುತ್ತದೆ ಎಂಬುದು ಬಹುಮಟ್ಟಿಗೆ ಒಂದು ವಂಶವಾಹಿಯ (ಜೀನ್) ಮೇಲೆ ನಿಂತಿದೆ, ಕೆಲವರಿಗೆ ನಿಜವಾಗಿಯೂ ಹೆಚ್ಚು ಕಹಿ.

ಹಸಿಯ 100 ಗ್ರಾಮಿನಲ್ಲಿ 43 ಕ್ಯಾಲೊರಿ, 85 ಮಿಲಿಗ್ರಾಂ ಸಿ ಜೀವಸತ್ವ, ಹತ್ತಿರ ಹತ್ತಿರ 4 ಗ್ರಾಂ ನಾರು. ಕೆ ಜೀವಸತ್ವ ಬಹಳ, ಸುಮಾರು 177 ಮೈಕ್ರೋಗ್ರಾಂ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಒಮ್ಮೆಗೇ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಕೋಸು ತಿಂದರೆ ಹೊಟ್ಟೆ ಉಬ್ಬುವವರಿಗೆ ಇದರಿಂದಲೂ ಉಬ್ಬುತ್ತದೆ. ಇಂಗಿನ ಒಗ್ಗರಣೆ ಬೇಕೆನ್ನಲು ಅವರಿಗೆ ಒಂದು ನೆಪವಾಯಿತು.

ಉಳಿದರೆ

ಆರಿದ ಮೇಲೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಒದ್ದೆ ಬಟ್ಟೆಯಂತಾಗುತ್ತದೆ. ಕಾದ ಕಾವಲಿಯ ಮೇಲೆ ಚಪ್ಪಟೆ ಮುಖ ಕೆಳಗೆ ಮಾಡಿ ನಾಲ್ಕು ನಿಮಿಷ ಇಟ್ಟರೆ ಮುಕ್ಕಾಲು ಪಾಲು ಗರಿ ವಾಪಸ್ ಬರುತ್ತದೆ. ಅದೂ ಬೇಡವೆಂದರೆ ಸಣ್ಣಗೆ ಕೊಚ್ಚಿ, ಈರುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜತೆ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿಬಿಡಿ. ಹುರಿದದ್ದು ನೀರು ಬಿಡುವುದಿಲ್ಲವಾದ್ದರಿಂದ ರೊಟ್ಟಿ ತಟ್ಟುವಾಗ ಹರಿಯುವುದಿಲ್ಲ. ಉಪ್ಪು ಮಾತ್ರ ನೋಡಿ ಹಾಕಿ, ಹೋಳಿನಲ್ಲಿ ಮೊದಲೇ ಇದೆ.